ಚಿಕ್ಕಮ್ಮನ ನೂಲಿಗೆ ತಗುಲಿದ ಕೆಂಪು

ನನ್ನ ಅಂಗಡಿ ಇವತ್ತು ನಿಂತಿದೆ ಅಂದರೆ ಅದು ನಮ್ಮ ಚಿಕ್ಕಮ್ಮನಿಂದ. ಡ್ರೈ ಕ್ಲೀನಿಂಗ್ ಎಂದು ದಪ್ಪಕ್ಷರದಲ್ಲಿ ಬೋರ್ಡು ಬರೆಸಿದ್ದು ನಾನು, ಯಂತ್ರ ತಂದು ಕೂರಿಸಿದ್ದು ನಾನು, ಗಿರಾಕಿಗಳ ಜತೆ ಬಾಯಿ ಮಾಡುವುದೂ ನಾನೇ. ಆದರೆ ಊರಿನ ಆ ತುದಿಯಿಂದ ಜನ ಹುಡುಕಿಕೊಂಡು ಬರುವುದು ಯಂತ್ರಕ್ಕಲ್ಲ, ನನ್ನ ಬಾಯಿಗಂತೂ ಖಂಡಿತ ಅಲ್ಲ. ತೂತುಬಿದ್ದ ಬಟ್ಟೆಯನ್ನು ಏನೂ ಆಗಿಯೇ ಇಲ್ಲವೇನೋ ಎಂಬಂತೆ ರಫೂ ಮಾಡಿಕೊಡುವ ಒಬ್ಬ ಹೆಂಗಸು ಇಲ್ಲಿ ಸಿಗುತ್ತಾಳೆ ಎಂದು ಬರುತ್ತಾರೆ. ಆ ಹೆಂಗಸೇ ಚಿಕ್ಕಮ್ಮ, ನನ್ನ ಅಮ್ಮನ ತಂಗಿ.

ಅಂಗಡಿ ತೆರೆದ ಹೊಸತರಲ್ಲಿ ನಮ್ಮ ಇಸ್ತ್ರಿಯವನು ಫೋನು ಬಂತೆಂದು ಇಸ್ತ್ರಿ ಪೆಟ್ಟಿಗೆಯನ್ನು ಒಂದು ಉಣ್ಣೆಯ ಕೋಟಿನ ಮೇಲೆಯೇ ಬಿಟ್ಟು ಹೋಗಿದ್ದ. ಕೋಟಿನ ಯಜಮಾನ ಇಡೀ ಬೀದಿಗೆ ಗೊತ್ತಿದ್ದ ಜಗಳಗಂಟ. ಚಿಕ್ಕಮ್ಮ ಒಂದು ಮಾತು ಬೈಯಲಿಲ್ಲ, ಕೋಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಆ ಮನುಷ್ಯನಿಗೆ ಸುಟ್ಟಿದ್ದನ್ನೂ ಸರಿಮಾಡಿದ್ದನ್ನೂ ಎರಡನ್ನೂ ಹೇಳಿಯೇ ಕೋಟು ಕೊಟ್ಟೆ. ಅವರು ಕೋಟನ್ನು ತಿರುವಿ ತಿರುವಿ ನೋಡಿ ಹೋದರು, ಮುಂದಿನ ವಾರ ಮನೆಮಂದಿಯ ಉಣ್ಣೆ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ತಂದರು. ಆ ಗಂಟಿನಿಂದ ಶುರುವಾದದ್ದು ನನ್ನ ಬದುಕು. ಚಿಕ್ಕಮ್ಮನ ಋಣ ನಾನು ತೀರಿಸುವ ಮಾತೇ ಇಲ್ಲ.

ರಫೂ ಅಂದರೆ ಹೊಲಿಗೆಯಲ್ಲ. ತೂತಿನ ಜಾಗದಲ್ಲಿ ಉದ್ದಕ್ಕೂ ಅಡ್ಡಕ್ಕೂ ಎಳೆ ಹಾಕಿ ಬಟ್ಟೆಯನ್ನೇ ಮತ್ತೆ ನೇಯುವುದು. ಕೈ ಎಷ್ಟೇ ಪಳಗಿರಲಿ, ನೂಲಿನ ಬಣ್ಣ ಕೂದಲೆಳೆಯಷ್ಟು ತಪ್ಪಿದರೂ ಕೆಲಸ ಕೆಟ್ಟಿತು. ಒಳಹೊಲಿಗೆಯಿಂದಲೇ ಎಳೆ ಕಿತ್ತುಕೊಳ್ಳಬಹುದಲ್ಲ ಎಂದು ನನಗೆ ಬುದ್ಧಿ ಹೇಳುವ ಗಿರಾಕಿಗಳಿದ್ದಾರೆ. ಹೊಸ ಬಟ್ಟೆಗೆ ಅದು ಸರಿ. ಹಳೆಯ ಬಟ್ಟೆ ಹೊರಗಡೆ ಮಾಸಿರುತ್ತದೆ, ಒಳಗಿನ ಎಳೆ ಮಾಸಿರುವುದಿಲ್ಲ, ತಂದು ಹಾಕಿದರೆ ಗೆರೆ ಎದ್ದು ಕಾಣುತ್ತದೆ. ಹಾಗಾಗಿ ಚಿಕ್ಕಮ್ಮನ ಮನೆಯಲ್ಲಿ ಒಂದು ಕೋಣೆಯ ತುಂಬ ನೂಲು. ಬೂದು ಬಣ್ಣವೊಂದರಲ್ಲೇ ಎಷ್ಟು ಬಗೆ ಇದೆ ಎಂದು ಕೇಳಿದರೆ, ಇರೋವಷ್ಟು ಇದೆ ಎನ್ನುತ್ತಾಳೆ.

ಅವಳ ಕೆಲಸಕ್ಕೊಂದು ಕಟ್ಟುನಿಟ್ಟಿನ ಕ್ರಮ ಉಂಟು. ಬೆಳಗ್ಗೆ ಬಿಸಿಲೇರುವ ಮುಂಚೆ ಕಿಟಕಿಯ ಹತ್ತಿರ ಆ ದಿನದ ಬಟ್ಟೆಗಳನ್ನೆಲ್ಲ ಹರವಿ, ಒಂದೊಂದಕ್ಕೂ ನೂಲು ಆರಿಸಿ, ಆಯಾ ಬಟ್ಟೆಗೆ ಪಿನ್ನು ಚುಚ್ಚಿ ಸಿಕ್ಕಿಸಿಡುತ್ತಾಳೆ. ಆಮೇಲೆ ದಿನವಿಡೀ ಮೇಜಿನ ದೀಪದ ಕೆಳಗೆ ಭೂತಗನ್ನಡಿ ಇಟ್ಟುಕೊಂಡು ನೇಯುವುದು. ದೀಪದ ಕೆಳಗೆ ನೂಲಿನ ಬಣ್ಣ ಒಂಚೂರು ಬೇರೆ ಅನ್ನಿಸಿದರೂ ನೂಲು ಬದಲಿಸುವುದಿಲ್ಲ. ದೀಪ ಹಳದಿ, ಅದು ಹೇಳುವುದೆಲ್ಲ ಸುಳ್ಳು, ಬೆಳಗ್ಗೆ ಆರಿಸಿದ್ದಕ್ಕೆ ಎರಡನೇ ಮಾತಿಲ್ಲ. ಅವಳಿಗೆ ಕೆಲಸ ಕಲಿಸಿದ ಮುದುಕರು ಹಾಕಿಕೊಟ್ಟ ಕಟ್ಟಳೆ ಅದು. ಸಂಜೆ ಮುಗಿದ ಬಟ್ಟೆಗಳನ್ನು ಕಾಗದದಲ್ಲಿ ಸುತ್ತಿ ಚಿಕ್ಕಪ್ಪನ ಕೈಗೆ ಕೊಟ್ಟರೆ ಅವರು ಸ್ಕೂಟರಿನಲ್ಲಿ ಅಂಗಡಿಗೆ ತಂದು ಹಾಕುತ್ತಾರೆ.

ಚಿಕ್ಕಪ್ಪ ಬಸ್ಸಿನ ಡ್ರೈವರು. ಈಗ ನಿವೃತ್ತಿಯಾಗಿದೆ. ಕೆಲಸದಲ್ಲಿದ್ದಷ್ಟು ಕಾಲವೂ ಮೊದಲ ಬಸ್ಸು ಅವರದೇ. ಮನೆಯವರು ಏಳುವ ಮೊದಲೇ ಹೊರಟರೆ, ಬರುವಾಗ ಅವರ ಮುಖದಲ್ಲಿ ಮಾತಾಡುವ ಕಳೆ ಇರುತ್ತಿರಲಿಲ್ಲ. ಮನುಷ್ಯ ಒಳ್ಳೆಯವರು, ಆದರೆ ತಪ್ಪು ಒಪ್ಪಿಕೊಳ್ಳುವುದು ಮಾತ್ರ ಅವರ ಜಾಯಮಾನದಲ್ಲೇ ಇಲ್ಲ. ಬಸ್ಸು ಗೋಡೆಗೆ ತಾಗಿದರೆ ಗೋಡೆ ಅಡ್ಡ ಬಂತು ಎನ್ನುವ ಪೈಕಿ. ನನಗೆ ಮೆಣಸಿನಕಾಯಿ ಎಂದು ಹೆಸರಿಟ್ಟವರೂ ಅವರೇ. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವಳಿಗೆ ಆ ಹೆಸರು ತಪ್ಪೇನಲ್ಲ ಬಿಡಿ.

ನಿವೃತ್ತಿಯಾದ ಮೇಲೆ ಅವರಿಗೆ ಫೋನಿನ ಹುಚ್ಚು ಹಿಡಿಯಿತು. ಫೋನಿನಲ್ಲಿ ಬರುವ ಜಾಹೀರಾತುಗಳನ್ನು ಸುದ್ದಿ ಓದಿದಷ್ಟೇ ಶ್ರದ್ಧೆಯಿಂದ ಓದುವರು. ಮೊದಲು ಮೊಣಕಾಲಿಗೆ ಕಟ್ಟುವ ಒಂದು ಪಟ್ಟಿ ತರಿಸಿದರು. ಒಳಗಡೆ ಸಾಲು ಸಾಲಾಗಿ ಕೆಂಪು ದೀಪ, ಚಾರ್ಜು ಮಾಡಿ ಕಟ್ಟಿಕೊಂಡರೆ ಕಾಲು ಕೆಂಪಗೆ ಹೊಳೆಯುತ್ತಿತ್ತು. ನೋವು ಅರ್ಧಕ್ಕರ್ಧ ಕಡಿಮೆ ಎಂದು ಹೇಳುತ್ತ ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ನಾನು ನಕ್ಕರೆ, ನಿನಗೆ ವಿಜ್ಞಾನ ಅರ್ಥ ಆಗಲ್ಲ ಅಂದರು. ಅದಾದ ಮೇಲೆ ಚಿಕ್ಕಮ್ಮನಿಗೆ ಅಂತ ಒಂದು ಮುಖವಾಡ ಬಂತು.

ಕಣ್ಣು ಬಾಯಿಗೆ ತೂತು ಬಿಟ್ಟ, ತಲೆಯ ಹಿಂದೆ ಬಿಗಿಯುವ ಪಟ್ಟಿಯಿದ್ದ ಮುಖವಾಡ. ಒಳಗೆಲ್ಲ ಅದೇ ಕೆಂಪು ದೀಪ. ದಿನಾ ಹತ್ತು ನಿಮಿಷ ಹಾಕಿಕೊಂಡರೆ ಸುಕ್ಕು ಹೋಗುತ್ತದೆ, ಕಣ್ಣಿನ ಕೆಳಗಿನ ಕಪ್ಪು ಹೋಗುತ್ತದೆ, ಕೆನ್ನೆ ಹೊಳೆಯುತ್ತದೆ ಎಂದು ಜಾಹೀರಾತು. ಜತೆಗೊಂದು ಚಿಕ್ಕ ಪುಸ್ತಕ ಇತ್ತು. ಪುಸ್ತಕ ಓದಿಕೊಂಡು ಬಸ್ಸು ಓಡಿಸಿದ್ನಾ ಎಂದು ಚಿಕ್ಕಪ್ಪ ಅದನ್ನು ಪಕ್ಕಕ್ಕೆ ಎಸೆದರು. ಕಣ್ಣಿನ ಮೇಲೆ ಕೂರಿಸಿಕೊಳ್ಳಲು ಎರಡು ಕಪ್ಪು ರಬ್ಬರಿನ ಮುಚ್ಚಳವೂ ಇದ್ದವು. ಅವು ಮೂಗನ್ನು ಒತ್ತುತ್ತವೆ ಎಂದು ಚಿಕ್ಕಮ್ಮ ತೆಗೆದಿಟ್ಟಳು. ಬೆಳಗ್ಗೆ ಎದ್ದ ಕೂಡಲೇ ಹಾಕಿಕೊಂಡರೆ ಮುಖಕ್ಕೆ ಚೆನ್ನಾಗಿ ಹತ್ತುತ್ತದೆ ಎಂದು ಚಿಕ್ಕಪ್ಪನ ಸ್ವಂತ ಸಂಶೋಧನೆ. ಅವರು ಪಕ್ಕದಲ್ಲಿ ಪೇಪರು ಹಿಡಿದು ಕಾವಲು ಕೂರುವರು. ಒಂದು ಸಲ ನಾನು ಬೆಳಗ್ಗೆಯೇ ಬಟ್ಟೆ ಕೊಡಲು ಹೋದಾಗ ಬಾಗಿಲು ತೆಗೆದ ಚಿಕ್ಕಮ್ಮನನ್ನು ನೋಡಿ ಜೀವ ಬಾಯಿಗೆ ಬಂದಿತ್ತು.

ಹತ್ತು ನಿಮಿಷ ಎಂದಿದ್ದು ಅರ್ಧ ಗಂಟೆಗೆ ಬೆಳೆಯಿತು. ಇನ್ನೊಂದು ಸುತ್ತು ಇರಲಿ ಎಂದು ಚಿಕ್ಕಮ್ಮನೇ ಗುಂಡಿ ಒತ್ತುತ್ತಿದ್ದಳಂತೆ. ಮುಖ ಹೊಳೆಯಿತೇ ಅಂದರೆ, ನನಗಂತೂ ಕಾಣಲಿಲ್ಲ. ಮುಖವಾಡದ ಭಾರಕ್ಕೆ ಮೂಗಿನ ಮೇಲೊಂದು ಗೆರೆ ಬಿತ್ತು, ಪಟ್ಟಿ ಬಿಗಿದು ತಲೆನೋವು ಬಂತು. ಅವಳ ಕೆನ್ನೆಯ ಮೇಲೆ ಮೊದಲಿನಿಂದಲೂ ತೆಳ್ಳಗೆ ಬಂಗಿನ ಕಲೆ ಇತ್ತು. ಅದು ಮಾಸುವ ಬದಲು ಇನ್ನಷ್ಟು ಕಂದಾಗಿ ಎದ್ದು ಕಾಣತೊಡಗಿತು. ನಾನು ಹೇಳಿದೆ. ಚಿಕ್ಕಮ್ಮ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಒಳಗಿನ ಕೊಳೆ ಹೊರಗೆ ಬರ್ತಾ ಇದೆ ಎಂದು ಚಿಕ್ಕಪ್ಪ ಸಮಾಧಾನ ಹೇಳಿದರು. ಅದು ಮುಖವೋ ಬಚ್ಚಲೋ ಎಂದು ನನಗೆ ಪಿತ್ತ ನೆತ್ತಿಗೇರಿತ್ತು.

ಅಷ್ಟರಲ್ಲಿ ಕೋರ್ಟಿನ ಗುಮಾಸ್ತರು ತಮ್ಮ ಬೂದು ಕೋಟನ್ನು ವಾಪಸು ತಂದರು. ತುಂಬ ಮೆದು ಮಾತಿನ ಮನುಷ್ಯ. ತೋಳಿನಲ್ಲಿ ಹುಳು ಹೊಡೆದ ತೂತಿತ್ತು, ಚಿಕ್ಕಮ್ಮ ಮಾಡಿಕೊಟ್ಟಿದ್ದಳು. ಕೆಂಪು ಕಾಣ್ತಿದೆಯಲ್ಲ ಮೇಡಂ ಎಂದು ನೆಲ ನೋಡಿಕೊಂಡು ಹೇಳಿದರು. ನಮ್ಮ ಚಿಕ್ಕಮ್ಮನ ಕೆಲಸದಲ್ಲಿ ಕೆಂಪು ಹುಡುಕುತ್ತೀರಾ ಎಂದು ನಾನು ಹಿಡಿದು ಝಾಡಿಸಿದೆ. ಅವರು ಪಾಪ ಎದುರಾಡದೆ, ಕೋಟು ಹಿಡಿದು ಬಾಗಿಲ ಹೊರಗೆ ಬೆಳಕಿಗೆ ಹೋಗಿ ನಿಂತರು. ಹಿಂದೆಯೇ ಹೋದ ನಾನು ನಾಲಿಗೆ ಕಚ್ಚಿಕೊಂಡೆ. ಬೂದು ತೋಳಿನ ಮೇಲೆ ಕಾಸಿನಗಲದ ಜಾಗ ಕೆಂಪಗೆ ಕಾಣುತ್ತಿತ್ತು. ನೇಯ್ಗೆ ಒಂದಿಷ್ಟೂ ತಪ್ಪಿರಲಿಲ್ಲ, ಬಣ್ಣ ಮಾತ್ರ ತಪ್ಪಿತ್ತು. ಚಿಕ್ಕಮ್ಮನ ಕೆಲಸದಲ್ಲಿ ನಾನು ಅಂಥದ್ದನ್ನು ಕಂಡದ್ದೇ ಇಲ್ಲ.

ಅದೊಂದೇ ಆಗಿದ್ದರೆ ಕಣ್ತಪ್ಪು ಎನ್ನಬಹುದಿತ್ತು. ಒಬ್ಬ ಮೇಷ್ಟ್ರ ಕಂದು ಸ್ವೆಟರು ಬಂತು, ನರ್ಸ್ ಒಬ್ಬರ ನೀಲಿ ಶಾಲು ಬಂತು. ಕಪಾಟಿನಲ್ಲಿ ಗಿರಾಕಿಗಳಿಗೆ ಕೊಡದೆ ಉಳಿದಿದ್ದವನ್ನೂ ಹೊರಗೆ ತಂದು ನೋಡಿದೆ. ಅವುಗಳಲ್ಲೂ ಕೆಲವು ಹಾಗೇ. ಎಲ್ಲವನ್ನೂ ಗಂಟು ಕಟ್ಟಿಕೊಂಡು ಚಿಕ್ಕಮ್ಮನ ಮನೆಗೆ ಹೋದೆ. ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡದ್ದೇ ಬಂತು.

ಹೇಳುವ ಅಗತ್ಯವೇ ಬೀಳಲಿಲ್ಲ. ಚಿಕ್ಕಮ್ಮ ನೂಲಿನ ಕೋಣೆಯಲ್ಲಿ ನೆಲದ ಮೇಲೆ ಕೂತು ಉಂಡೆಗಳನ್ನು ಡಬ್ಬಕ್ಕೆ ತುಂಬುತ್ತಿದ್ದಳು. ಹಿಂದಿನ ದಿನ ಮುಗಿಸಿದ್ದ ಒಂದು ಕೋಟನ್ನು ಕಾಗದ ಬಿಚ್ಚಿ ಮಧ್ಯಾಹ್ನದ ಬೆಳಕಿನಲ್ಲಿ ಅವಳೇ ನೋಡಿಬಿಟ್ಟಿದ್ದಳು. ನನ್ನ ಕೈಯಲ್ಲಿದ್ದ ಗಂಟನ್ನೂ ಬಿಚ್ಚಿಸಿ, ಒಂದೊಂದೇ ಬಟ್ಟೆಯನ್ನು ಬಾಗಿಲಿಗೆ ಒಯ್ದು ನೋಡಿದಳು. ಆಮೇಲೆ ಬಂದು ಮತ್ತೆ ನೂಲು ತುಂಬಲು ಕೂತಳು.

“ಕಣ್ಣು ಹೋಯ್ತು ಕಣೇ. ನನಗೆ ಇನ್ನೇನು ಗೊತ್ತಿದೆ ಹೇಳು, ಇದು ಬಿಟ್ರೆ?”

ಅಷ್ಟು ವರ್ಷಗಳಲ್ಲಿ ಅವಳು ನನ್ನ ಹತ್ತಿರ ಯಾವುದಕ್ಕೂ ಸೋತು ಮಾತಾಡಿದವಳಲ್ಲ. ಈ ನೂಲನ್ನೆಲ್ಲ ಕೆಲಸ ಬಲ್ಲವರು ಯಾರಿಗಾದರೂ ಕೊಟ್ಟುಬಿಡು, ನಿನ್ನ ಅಂಗಡಿಗೆ ಇನ್ನೊಬ್ಬರನ್ನು ನೋಡಿಕೋ, ಚಿಕ್ಕಪ್ಪನಿಗೆ ಈಗಲೇ ಹೇಳಬೇಡ ಅಂದಳು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬರುತ್ತದೆ, ಅದು ನನ್ನ ಹಣೆಬರಹ. ಡಬ್ಬವನ್ನು ಕಿತ್ತುಕೊಂಡು ನೂಲನ್ನೆಲ್ಲ ಮತ್ತೆ ಗೂಡಿಗೆ ತುರುಕಿದೆ. ಬಣ್ಣ ಬಣ್ಣ ಬೆರೆತುಹೋಯಿತು ಎಂದು ಅವಳು ಬೈದಾಗ ನನಗೆ ಸ್ವಲ್ಪ ಧೈರ್ಯ ಬಂತು. ಚಿಕ್ಕಪ್ಪನಿಗೂ ಹೇಳಿಯೇಬಿಟ್ಟೆ. ಅವರು ಚಪ್ಪಲಿ ಮೆಟ್ಟಿಕೊಂಡರು. ಮೂವರೂ ಕಣ್ಣಿನ ಆಸ್ಪತ್ರೆಗೆ ಹೋದೆವು.

ಕಣ್ಣಿನ ಡಾಕ್ಟರು ನನ್ನ ವಯಸ್ಸಿನ ಹೆಣ್ಣುಮಗಳು. ಅವಸರವೇ ಇಲ್ಲದ ಮನುಷ್ಯೆ, ಅವರನ್ನು ನೆನೆದರೆ ಈಗಲೂ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಕಣ್ಣಿಗೆ ಹನಿ ಹಾಕುವ ಮೊದಲೇ ಬಣ್ಣದ ಚುಕ್ಕೆಗಳಲ್ಲಿ ಅಂಕಿ ಅಡಗಿಸಿದ ಹಾಳೆಗಳನ್ನು ತೋರಿಸಿದರು. ಚಿಕ್ಕಮ್ಮ ಒಂದನ್ನೂ ತಪ್ಪದೆ ಹೇಳಿದಳು. ಆಮೇಲೆ ಹನಿ ಹಾಕಿ, ಒಳಗೆಲ್ಲ ದೀಪ ಬಿಟ್ಟು ನೋಡಿದರು. ವಯಸ್ಸಿಗೆ ತಕ್ಕಷ್ಟು ಪೊರೆ ಶುರುವಾಗಿದೆ, ಅದರಿಂದ ಹೀಗಾಗುವುದಿಲ್ಲ, ಉಳಿದದ್ದೆಲ್ಲ ಚೆನ್ನಾಗಿದೆ ಅಂದರು. ಹಾಗಾದರೆ ಈ ಬಟ್ಟೆಗಳು? ನಾನು ಗುಮಾಸ್ತರ ಕೋಟನ್ನು ಮೇಜಿನ ಮೇಲೆ ಇಟ್ಟೆ. ತಪ್ಪಿದ್ದೆಲ್ಲ ಯಾವ ಬಣ್ಣದ ಕಡೆಗೆ ಎಂದು ಡಾಕ್ಟರು ಕೇಳಿದರು. ಎಲ್ಲ ಕೆಂಪಿನ ಕಡೆಗೇ ಎಂದು ಚಿಕ್ಕಮ್ಮ ಒಪ್ಪಿಕೊಂಡಳು. ನೂಲು ಆರಿಸುವುದು ಯಾವಾಗ? ಬೆಳಗ್ಗೆ, ಬಿಸಿಲೇರುವ ಮುಂಚೆ. ಅದಕ್ಕೂ ಮೊದಲು ಏನು ಮಾಡುತ್ತೀರಿ?

ಮುಖ ತೊಳೆದು ಕಾಫಿ ಕುಡಿಯುತ್ತೇನೆ, ಅಷ್ಟೇ ಎಂದಳು ಚಿಕ್ಕಮ್ಮ. ನಾನು ಬಾಯಿ ತೆರೆದೆ. ಅವಳು ಮೇಜಿನ ಕೆಳಗೆ ನನ್ನ ಮಣಿಕಟ್ಟು ಹಿಡಿದು ಒತ್ತಿದಳು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದ ಚಿಕ್ಕಪ್ಪ ಆಗ ಎದ್ದು ನಿಂತರು.

“ಡಾಕ್ಟ್ರೇ, ಅವಳು ಹೇಳಲ್ಲ, ನಾನು ಹೇಳ್ತೀನಿ. ಕೆಂಪು ಲೈಟಿನ ಮುಖವಾಡ ಅಂತ ಒಂದು ತಂದ್ಕೊಟ್ಟಿದ್ದೀನಿ. ಬೆಳಗ್ಗೆ ಎದ್ದು ಹಾಕ್ಕೋ ಅಂತ ಹೇಳಿದ್ದೂ ನಾನೇ. ಇವಳ ಕಣ್ಣಿಗೆ ಏನೇ ಆಗಿದ್ರೂ ಅದು ನನ್ನ ತಪ್ಪು.”

ತಪ್ಪು ಎಂಬ ಮಾತು ಚಿಕ್ಕಪ್ಪನ ಬಾಯಲ್ಲಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರ ಕೈ ಕುರ್ಚಿಯ ಬೆನ್ನು ಹಿಡಿದಿತ್ತು. ಆ ಮನುಷ್ಯನ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲಿಗೇ ಇಳಿದುಹೋಯಿತು.

ಡಾಕ್ಟರು ಬೈಯಲಿಲ್ಲ. ಕಣ್ಣಿಗೆ ಮುಚ್ಚಳ ಹಾಕುತ್ತಿದ್ದರೇ, ಎಷ್ಟು ಹೊತ್ತು, ನೂಲು ಆರಿಸುವುದಕ್ಕೂ ಅದಕ್ಕೂ ಎಷ್ಟು ಅಂತರ ಎಂದೆಲ್ಲ ಕೇಳಿಕೊಂಡರು. ಸಿಹಿ ತಿಂದು ಟೀ ಕುಡಿದರೆ ಸಕ್ಕರೆ ಹೆಚ್ಚೋ ಕಡಿಮೆಯೋ ನಾಲಿಗೆಗೆ ತಿಳಿಯುವುದಿಲ್ಲ ಅಲ್ಲವೇ, ಇದೂ ಹಾಗೇ ಇರಬೇಕು ಅಂದರು. ಅರ್ಧ ಗಂಟೆ ಕೆಂಪನ್ನೇ ಕಂಡ ಕಣ್ಣಿಗೆ ಸ್ವಲ್ಪ ಹೊತ್ತು ಕೆಂಪಿನ ಹೆಚ್ಚುಕಡಿಮೆ ಹತ್ತುವುದಿಲ್ಲ, ಕೆಂಪಿಗೆ ತಿರುಗಿದ ನೂಲೂ ಬರೀ ಬೂದಾಗಿ ಕಾಣುತ್ತದೆ. ಬೇರೆಯವರಾಗಿದ್ದರೆ ಅವರಿಗದು ಗೊತ್ತೂ ಆಗುತ್ತಿರಲಿಲ್ಲ, ಆ ಹೊತ್ತಿನಲ್ಲಿ ಬೂದು ನೂಲು ಆರಿಸುವವರು ಯಾರಿದ್ದಾರೆ? ನಮ್ಮ ಚಿಕ್ಕಮ್ಮ ಮಾತ್ರ ಸರಿಯಾಗಿ ಅದೇ ಹೊತ್ತಿನಲ್ಲಿ ಆರಿಸಿ, ಆಮೇಲೆ ದೀಪದ ಕೆಳಗೆ ಕಣ್ಣು ಅನುಮಾನಪಟ್ಟರೂ ದೀಪವೇ ಸುಳ್ಳು ಎಂದು ಗಟ್ಟಿಯಾಗಿ ನೇಯ್ದಿದ್ದಳು. ಅವಳ ಶಿಸ್ತೇ ಅವಳಿಗೆ ಮುಳುವಾಗಿತ್ತು.

ಚರ್ಮದ ಡಾಕ್ಟರುಗಳು ಇಂಥ ಬೆಳಕನ್ನು ಕೆಲವು ತೊಂದರೆಗಳಿಗೆ ನೋಡಿ ನೋಡಿ ಕೊಡುತ್ತಾರೆ, ಮನೆಗೆ ಬರುವ ಯಂತ್ರಕ್ಕೆ ಮುಖ ನೋಡುವ ಕಣ್ಣಿಲ್ಲ ಅಂದರು. ಬಂಗು ಇದ್ದವರಿಗೆ ಶಾಖ ಬೆಳಕು ಬಿದ್ದರೆ ಅದು ಕಪ್ಪಾಗುವುದುಂಟು. ಚಿಕ್ಕಮ್ಮ ಕೀಲುನೋವಿಗೆ ನುಂಗುತ್ತಿದ್ದ ಮಾತ್ರೆಯ ಹೆಸರನ್ನೂ ಕೇಳಿ, ಕೆಲವು ಮಾತ್ರೆಗೂ ಬೆಳಕಿಗೂ ಆಗಿಬರುವುದಿಲ್ಲ, ಅದನ್ನು ಕೊಟ್ಟ ಡಾಕ್ಟರಿಗೆ ತಿಳಿಸಿ ಎಂದರು. ಕಣ್ಣು ಸರಿಹೋಗುತ್ತದೆಯೇ ಎಂದು ಚಿಕ್ಕಪ್ಪ ಕೇಳಿದ್ದಕ್ಕೆ, ಹೋಗಬೇಕು, ನಿಲ್ಲಿಸಿ ನೋಡೋಣ ಅಂದರು. ಖಂಡಿತ ಎನ್ನಲಿಲ್ಲ. ಆ ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ಆಗ ನನಗನ್ನಿಸಿದ್ದು ನಿಜ.

ಆ ವಾರ ನನಗೆ ಊಟ ರುಚಿಸಲಿಲ್ಲ. ಚಿಕ್ಕಮ್ಮ ಮುಖವಾಡ ಮುಟ್ಟಲಿಲ್ಲ, ಸೂಜಿಯನ್ನೂ ಮುಟ್ಟಲಿಲ್ಲ. ನೂಲಿಲ್ಲದ ಅವಳ ಕೈಗಳನ್ನು ನೋಡುವುದೇ ಕಷ್ಟವಾಗಿತ್ತು. ಮಡಿಲಲ್ಲಿ ಇಟ್ಟುಕೊಂಡು ಕೂತಿರುವಳು, ಇಲ್ಲವೇ ನಾನು ಗೂಡಿಗೆ ತುರುಕಿದ್ದ ನೂಲನ್ನು ಬಿಡಿಸುತ್ತ ನನ್ನನ್ನು ಶಪಿಸುವಳು. ಕೊನೆಗೆ ಒಂದು ಬೆಳಗ್ಗೆ ತಾನೇ ಫೋನು ಮಾಡಿ ಗುಮಾಸ್ತರ ಕೋಟು ಕೊಟ್ಟುಕಳಿಸು ಅಂದಳು. ಹಳೆಯ ಎಳೆಗಳನ್ನು ಒಂದೊಂದಾಗಿ ಬಿಚ್ಚಿ, ಕಿಟಕಿಯಲ್ಲಿ ಹೊಸದಾಗಿ ನೂಲು ಆರಿಸಿ, ಮತ್ತೆ ನೇಯ್ದಳು. ಮುಗಿದ ಮೇಲೆ ಅದನ್ನು ಹಗಲಿನಲ್ಲಿ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಸುತ್ತಿದ ಕಾಗದ ಬಿಚ್ಚಲೇ ಇಲ್ಲ. ಗುಮಾಸ್ತರು ಬರುವ ದಿನ ಚಿಕ್ಕಪ್ಪನ ಸ್ಕೂಟರಿನ ಹಿಂದೆ ಕೂತು ಅವಳೂ ಅಂಗಡಿಗೆ ಬಂದು, ನೇತುಹಾಕಿದ ಬಟ್ಟೆಗಳ ಹಿಂದೆ ಮರೆಯಾಗಿ ನಿಂತಳು.

ಗುಮಾಸ್ತರು ಕೋಟನ್ನು ತೆಗೆದುಕೊಂಡು ನೇರ ಬೀದಿಗೆ ಹೋದರು. ಈ ಸಲ ನಾನು ಬಾಯಿಗೆ ಬೀಗ ಹಾಕಿಕೊಂಡು ಒಳಗೇ ನಿಂತೆ. ತೋಳು ತಿರುವಿದರು, ಕನ್ನಡಕ ತೆಗೆದರು, ಹಾಕಿಕೊಂಡರು, ಇನ್ನೊಂದು ತೋಳು ತಿರುವಿದರು. ಆಮೇಲೆ ನಾಚಿಕೊಂಡು ಒಳಗೆ ಬಂದರು.

“ಮೇಡಂ, ತೂತು ಬಲಗೈಯಲ್ಲಿತ್ತಾ ಎಡಗೈಯಲ್ಲಿತ್ತಾ? ನನಗೆ ಮರೆತೇಹೋಗಿದೆ.”

ನನಗೆ ಅವರ ಕಾಲು ಹಿಡಿಯೋಣ ಅನ್ನಿಸಿತು. ಅವತ್ತು ಝಾಡಿಸಿದ್ದಕ್ಕೆ ಕ್ಷಮೆ ಕೇಳಿ, ಬಾಗಿಲವರೆಗೂ ಹೋಗಿ ಕಳಿಸಿಕೊಟ್ಟೆ. ತಿರುಗಿ ಬಂದು ನೋಡಿದರೆ ಚಿಕ್ಕಮ್ಮ ಒಗೆಯುವ ಬಟ್ಟೆಗಳ ಗಂಟಿನ ಮೇಲೆ ಕೂತು ಅಳುತ್ತಿದ್ದಳು. ಚಿಕ್ಕಪ್ಪ ಅವಳೆದುರು ಏನು ಮಾಡಬೇಕೆಂದು ತೋಚದೆ ಹೆಲ್ಮೆಟ್ಟು ಹಿಡಿದು ನಿಂತಿದ್ದರು. ಹಾಳು ಮುಖವಾಡವನ್ನು ಇವತ್ತೇ ಕಸಕ್ಕೆ ಹಾಕುತ್ತೇನೆ ಅಂದರು.

ಸಮಾಧಾನವಾಯಿತಲ್ಲ, ನನ್ನ ಸಿಟ್ಟು ಆಗ ಎಚ್ಚರವಾಯಿತು. ತಲೆ ನೋಯುತ್ತಿತ್ತು, ಮೂಗು ನೋಯುತ್ತಿತ್ತು, ಕೆನ್ನೆ ಕಪ್ಪಾಗುತ್ತಿತ್ತು, ಆದರೂ ಹತ್ತು ನಿಮಿಷದ್ದನ್ನು ಅರ್ಧ ಗಂಟೆ ಹಾಕಿಕೊಂಡು ಕೂರುವಂಥ ದರ್ದೇನಿತ್ತು ನಿನಗೆ, ಈ ವಯಸ್ಸಿನಲ್ಲಿ ಸುಂದರಿ ಆಗಬೇಕಿತ್ತಾ ಎಂದು ಕೇಳಿಯೇಬಿಟ್ಟೆ. ಚಿಕ್ಕಮ್ಮ ಮುಖ ಒರೆಸಿಕೊಂಡಳು. ನನ್ನ ಕಡೆ ನೋಡಲಿಲ್ಲ.

“ಸುಂದರಿ ಯಾಕಾಗ್ಬೇಕು? ಅದರ ದೀಪ ಉರಿಯೋವಷ್ಟು ಹೊತ್ತು ಇವರು ಪಕ್ಕದಲ್ಲಿ ಕೂತಿರ್ತಿದ್ರು. ಪೇಪರ್ ಓದಿ ಹೇಳ್ತಿದ್ರು. ಮದುವೆ ಆದಾಗಿಂದ ಬೆಳಗ್ಗೆ ಹೊತ್ತು ಇವರು ನನ್ನ ಜತೆ ಕೂತಿದ್ದು ಆಗ್ಲೇ. ದೀಪ ಆರಿದ್ರೆ ಎದ್ದು ಹೋಗ್ಬಿಡ್ತಾರೆ ಅಂತ ಮತ್ತೆ ಮತ್ತೆ ಗುಂಡಿ ಒತ್ತುತ್ತಿದ್ದೆ.”

ಚಿಕ್ಕಪ್ಪ ಹೆಲ್ಮೆಟ್ಟನ್ನು ಅಲ್ಲೇ ಇಟ್ಟು, ಸ್ಕೂಟರಿನ ಗಾಳಿ ನೋಡಿ ಬರುತ್ತೇನೆಂದು ಹೊರಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ. ನಾನೂ ಲೆಕ್ಕದ ಯಂತ್ರದ ಮೇಲಿನ ಧೂಳು ಒರೆಸುತ್ತ ನಿಂತೆ. ಇಂಥವರ ಕೈಯಿಂದ ನನ್ನ ಬದುಕು ನಡೆಯಿತಲ್ಲ ಎಂದು ಯಾರಿಗೆ ಹೇಳಲಿ ಅನ್ನಿಸಿತು.

ಮರುದಿನ ಬೆಳಗ್ಗೆ ಹೊಸ ಬಟ್ಟೆಗಳನ್ನು ಕೊಡಲು ಅವರ ಮನೆಗೆ ಹೋದೆ. ಕಿಟಕಿಯ ಹತ್ತಿರ ಚಿಕ್ಕಮ್ಮ ನೂಲು ಹರವಿಕೊಂಡಿದ್ದಳು. ಕೆನ್ನೆಯ ಬಂಗು ಹಾಗೇ ಇತ್ತು, ಅದರ ಕಡೆ ಅವಳಿಗೆ ಗಮನವೇ ಇರಲಿಲ್ಲ. ಚಿಕ್ಕಪ್ಪ ಸ್ಟೂಲಿನ ಮೇಲೆ ಕೂತು ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು. ಅವರ ನೆರಳು ಸರಿಯಾಗಿ ಅವಳ ಬೂದು ಉಂಡೆಗಳ ಮೇಲೆ ಬಿದ್ದಿತ್ತು.

“ಬೆಳಕಿಗೆ ಅಡ್ಡ ಕೂತಿದ್ದೀರಲ್ರೀ,” ಎಂದಳು ಚಿಕ್ಕಮ್ಮ. ಅವರು ಗಾಬರಿಯಾಗಿ ಏಳಲು ಹೋದರು. “ಏಳ್ಬೇಡಿ. ಈ ಕಡೆ ಬನ್ನಿ, ಇನ್ನೂ ಹತ್ತಿರ.”

ಚಿಕ್ಕಪ್ಪ ಸ್ಟೂಲನ್ನು ಎಳೆದುಕೊಂಡರು.